ಕಣ್ಣಪ್ಪ ಕಿತ್ತ ಕಣ್ಣು

ಬೇಡರ ಕಣ್ಣಪ್ಪನ ಕಥೆಯನ್ನು ಕೇಳದೆ ಬೆಳೆದವರು ನಮ್ಮ ಕಡೆ ವಿರಳ. ಶಿವಲಿಂಗದ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡ ಬೇಡನು ಬಾಣದ ಮೊನೆಯಿಂದ ತನ್ನ ಕಣ್ಣೊಂದನ್ನು ಕಿತ್ತು ಅಲ್ಲಿ ಇಟ್ಟನು. ಇನ್ನೊಂದು ಕಣ್ಣಿನಲ್ಲಿಯೂ ರಕ್ತ ಒಸರತೊಡಗಲು, ತನಗೆ ದೃಷ್ಟಿ ಹೋದ ಮೇಲೆ ಗುರುತು ತಪ್ಪಬಾರದೆಂದು ಆ ಜಾಗದಲ್ಲಿ ಕಾಲನ್ನೂರಿ, ಉಳಿದ ಕಣ್ಣಿಗೂ ಬಾಣವೆತ್ತಿದನು. ಆಗ ಶಿವನು ಪ್ರತ್ಯಕ್ಷನಾಗಿ ಕೈ ಹಿಡಿದನು. ಗುಬ್ಬಿಯವರಿಗಂತೂ ಇದು ಮನೆಯ ಕಥೆಯೇ ಸರಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಇದನ್ನು ನಾಟಕವಾಗಿ ಆಡಿತು. ಗುಬ್ಬಿ ವೀರಣ್ಣನವರ ಸಂಸ್ಥೆ 1954ರಲ್ಲಿ ಇದನ್ನು ತೆರೆಗೆ ತಂದಿತು. ಕಂಪನಿಯಲ್ಲಿ ಬಾಲ್ಯದಿಂದ ಬಣ್ಣ ಹಚ್ಚಿದ್ದ ಮುತ್ತುರಾಜರು ಕಣ್ಣಪ್ಪನಾಗಿ, ರಾಜ್‌ಕುಮಾರ್ ಎಂಬ ಹೊಸ ಹೆಸರಿನಿಂದ ನಾಡಿಗೆ ಪರಿಚಿತರಾದದ್ದು ಆ ಚಿತ್ರದಿಂದಲೇ.

ಭಕ್ತಿಯ ವಿಚಾರವನ್ನು ಬಲ್ಲವರಿಗೆ ಬಿಡುತ್ತೇನೆ. ನನ್ನ ಕುತೂಹಲ ಬೇರೆ ಬಗೆಯದು. ಒಬ್ಬನ ಕಣ್ಣನ್ನು ಅದರ ಗೂಡಿನಿಂದ ಕಿತ್ತು ಇನ್ನೊಬ್ಬನ ಗೂಡಿನಲ್ಲಿ ಇಟ್ಟರೆ ಅದು ಕಂಡೀತೆ? ಕೀಳುವಾಗ ಏನೇನು ಹರಿಯುತ್ತದೆ, ಗೂಡಿನಲ್ಲಿ ಏನೇನು ಉಳಿಯುತ್ತದೆ? ಬಿ.ಎ. ತರಗತಿಯ ವಿದ್ಯಾರ್ಥಿನಿ ಅಂಗರಚನೆಗೆ ಕೈಹಾಕುವುದು ಅಧಿಕಪ್ರಸಂಗವೆಂದು ವಿಜ್ಞಾನದ ಗೆಳತಿಯರು ನಗಬಹುದು. ಆದರೆ ಕಣ್ಣಿನ ಅಂಗರಚನೆಯ ಹೆಚ್ಚಿನ ಪಾಲನ್ನು ಪ್ರಯೋಗಾಲಯವಿಲ್ಲದೆಯೇ ಕಲಿಯಬಹುದು. ಒಂದು ಕೈಗನ್ನಡಿ ಮತ್ತು ಒಂದು ತೋರುಬೆರಳು ಸಾಕು. ವಾಚಕರು ದಯವಿಟ್ಟು ಎರಡನ್ನೂ ಹತ್ತಿರ ಇಟ್ಟುಕೊಳ್ಳಬೇಕು.

ಮೊದಲು ಬೆರಳು. ಹುಬ್ಬಿನ ಕೆಳಗಿನಿಂದ ಆರಂಭಿಸಿ ಕಣ್ಣಿನ ಸುತ್ತ ಒತ್ತುತ್ತ ಬಂದರೆ ಒಂದು ಗಟ್ಟಿ ಅಂಚು ಸಿಗುತ್ತದೆ. ಮೇಲೆ ಹಣೆಯ ಮೂಳೆ, ಹೊರಗಡೆ ಕೆನ್ನೆಯ ಮೂಳೆ, ಕೆಳಗೆ ಮತ್ತು ಮೂಗಿನ ಬದಿಗೆ ಮೇಲ್ದವಡೆಯ ಮೂಳೆ. ಈ ಅಂಚು ಕಣ್ಣಿನ ಗೂಡಿನ ಬಾಗಿಲು. ಬೆರಳು ಮುಟ್ಟದ ಒಳಭಾಗದಲ್ಲಿ ಇನ್ನೂ ನಾಲ್ಕು ಮೂಳೆಗಳು ಸೇರಿಕೊಂಡಿವೆ: ತಲೆಬುರುಡೆಗೆ ಬೆಣೆಯಂತೆ ಹೊಡೆದ ಬೆಣೆಮೂಳೆ, ತೂತುತೂತಾದ ಜರಡಿಮೂಳೆ, ಅಂಗುಳಿನ ಮೂಳೆಯ ಒಂದು ಚೂರು, ಮತ್ತು ಕಿರುಬೆರಳಿನ ಉಗುರಿನಷ್ಟು ಪುಟ್ಟದಾದ ಕಣ್ಣೀರಿನ ಮೂಳೆ. ಹೀಗೆ ಏಳು ಮೂಳೆಗಳು ಕೂಡಿ ಒಂದು ಗೂಡು. ಬಾಗಿಲಿನಲ್ಲಿ ಸುಮಾರು 4 ಸೆಂಟಿಮೀಟರು ಅಗಲವಿದ್ದು, ಹಿಂದೆ ಹೋದಂತೆ ಕಿರಿದಾಗಿ, ಸುಮಾರು ನಾಲ್ಕೂವರೆ ಸೆಂಟಿಮೀಟರು ಆಳದಲ್ಲಿ ಒಂದು ರಂಧ್ರದ ಬಳಿ ಮುಗಿಯುತ್ತದೆ. ಅಡ್ಡ ಮಲಗಿಸಿದ ಪೇರಲೆ ಹಣ್ಣಿನ ಆಕಾರವನ್ನು ನೆನೆದರೆ ಹೆಚ್ಚು ತಪ್ಪಾಗದು.

ಬೆರಳಿಗೆ ಗಟ್ಟಿಯಾಗಿ ಸಿಗುವುದು ಅಂಚು ಮಾತ್ರ. ಒಳಗೋಡೆಗಳು ಬೇರೆಯೇ ಬಗೆಯವು. ಮೂಗಿನ ಕಡೆಯ ಗೋಡೆಯನ್ನು ವೈದ್ಯರು ಲ್ಯಾಟಿನಿನಲ್ಲಿ ‘ಕಾಗದದ ಹಾಳೆ’ ಎಂದೇ ಕರೆಯುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಗೂಡಿನ ನೆಲವೂ ತೆಳುವೇ. ಅದರ ಕೆಳಗೆ ಕೆನ್ನೆಯೊಳಗಿನ ಪೊಳ್ಳು. ಕಣ್ಣಿಗೆ ನೇರವಾಗಿ ಗುದ್ದು ಬಿದ್ದಾಗ ಹಲವು ವೇಳೆ ಅಂಚು ಉಳಿದು ನೆಲ ಒಡೆಯುತ್ತದೆ. ಕಾಗದದಷ್ಟು ತೆಳುವಾದ ಒಳಗೋಡೆ ಉಳಿದು ನೆಲವೇ ಏಕೆ ಒಡೆಯಬೇಕೆಂದು ಕೇಳಬಹುದು. ಒಳಗೋಡೆಯ ಬೆನ್ನಿಗೆ ಜರಡಿಮೂಳೆಯ ಕೋಣೆಗಳು ಜೇನುಗೂಡಿನಂತೆ ಆನಿಸಿ ನಿಂತಿವೆ. ನೆಲಕ್ಕೆ ಆ ಆಸರೆಯಿಲ್ಲ. ಒಡೆದ ಬಿರುಕಿನಲ್ಲಿ ಕಣ್ಣನ್ನು ಕೆಳಕ್ಕೆ ತಿರುಗಿಸುವ ಸ್ನಾಯು ಸಿಕ್ಕಿಕೊಂಡರೆ, ಮೇಲೆ ನೋಡುವಾಗ ಒಂದು ತೆಂಗಿನಮರ ಎರಡಾಗಿ ಕಾಣುತ್ತದೆ.

ಅಂಚಿನ ಕೆಲಸವೇನೆಂಬುದು ಆಟದ ಬಯಲಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಕ್ರಿಕೆಟ್ ಚೆಂಡು ಗೂಡಿನ ಬಾಗಿಲಿಗಿಂತ ದೊಡ್ಡದು. ಅದರ ಏಟಿನ ಬಹುಪಾಲನ್ನು ಮೂಳೆಯ ಅಂಚೇ ತಾಳಿಕೊಳ್ಳುತ್ತದೆ. ಚಿಣ್ಣಿದಾಂಡಿನ ಚಿಣ್ಣಿಗೆ ಅಂಚು ಲೆಕ್ಕಕ್ಕಿಲ್ಲ. ಎರಡೂ ಕಡೆ ಚೂಪಾದ ಆ ತುಂಡು ನೇರ ಒಳಗೇ ಬಡಿಯುತ್ತದೆ. ಅದರಲ್ಲಿಯೂ ಗೂಡಿನ ಹೊರಬದಿಯ ಅಂಚು ಹಿಂದಕ್ಕೆ ಸರಿದಿದೆ. ಕಿವಿಯ ಕಡೆಯಿಂದ ಬೆರಳನ್ನು ತಂದು ನೋಡಿದರೆ ಕಣ್ಣುಗುಡ್ಡೆ ಅಂಚಿಗಿಂತ ಮುಂದಿರುವುದು ತಿಳಿಯುತ್ತದೆ. ನಮಗೆ ಪಕ್ಕದ ನೋಟ ದಕ್ಕಿರುವುದು ಇದರಿಂದ. ಪಕ್ಕದ ಏಟು ಹೆಚ್ಚು ಕೇಡು ಮಾಡುವುದೂ ಇದರಿಂದಲೇ.

ಈ ವಿಚಾರದಲ್ಲಿ ಕುಣಿಗಲ್ಲಿನ ಕುದುರೆಗಳು ನಮಗೆ ಒಳ್ಳೆಯ ಪಾಠ ಹೇಳಬಲ್ಲವು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಅದು. ಕುದುರೆಯ ಕಣ್ಣಿನ ಸುತ್ತ ಮೂಳೆಯ ಬಳೆ ಪೂರ್ತಿಯಾಗಿದೆ, ಆದರೆ ಬಳೆಯ ಹಿಂದೆ ಹೊರಬದಿಯಲ್ಲಿ ನಮ್ಮಂತೆ ಮೂಳೆಯ ಗೋಡೆಯಿಲ್ಲ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಅದು ಹೆಚ್ಚು ಕಡಮೆ ಸುತ್ತಲೂ ಕಾಣುತ್ತದೆ. ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಅದಕ್ಕೆ ಕುರುಡು. ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟುತ್ತಿದ್ದುದು ಅದಕ್ಕೆ ಮುಂದಿನದನ್ನು ತೋರಿಸುವುದಕ್ಕಲ್ಲ, ಹಿಂದಿನದನ್ನು ಮರೆಸುವುದಕ್ಕೆ. ಮನುಷ್ಯನ ಗೂಡುಗಳು ಮುಂದಕ್ಕೆ ತಿರುಗಿವೆ. ಸುತ್ತ ಕಾಣುವುದನ್ನು ಬಿಟ್ಟು, ಎರಡು ಕಣ್ಣಿನಿಂದ ಒಂದನ್ನೇ ನೋಡಿ ದೂರ ಹತ್ತಿರಗಳನ್ನು ಅಳೆಯುವ ಶಕ್ತಿಯನ್ನು ನಾವು ಪಡೆದೆವು. ಸೂಜಿಗೆ ದಾರ ಪೋಣಿಸುವವರಿಗೆ ಇದು ನಷ್ಟದ ವ್ಯಾಪಾರವೆನಿಸದು.

ಇನ್ನು ಗೂಡಿನ ಒಳಗೆ. ಗೂಡಿನ ಅಳತೆ ಸುಮಾರು 30 ಮಿಲಿಲೀಟರು. ಕಣ್ಣುಗುಡ್ಡೆಯದು 7 ಮಿಲಿಲೀಟರು ಮಾತ್ರ. ಎಂದರೆ ಗೂಡಿನ ಮುಕ್ಕಾಲು ಪಾಲು ಕಣ್ಣಲ್ಲದ್ದರಿಂದ ತುಂಬಿದೆ. ಈ ಒಂದು ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಹಾಗಾದರೆ ಉಳಿದದ್ದೇನು? ಬಹುಪಾಲು ಕೊಬ್ಬು. ಮೊಟ್ಟೆಗಳನ್ನು ಹೊಟ್ಟಿನಲ್ಲಿಟ್ಟು ಸಾಗಿಸುವಂತೆ ಕಣ್ಣುಗುಡ್ಡೆಯನ್ನು ಮೆತ್ತನೆಯ ಕೊಬ್ಬಿನಲ್ಲಿ ಇಟ್ಟಿದೆ. ವಾಂತಿಭೇದಿಯಾದ ಮಗುವಿನ ಮೈಯ ನೀರು ಇಳಿದಾಗ, ಮುದುಕರಲ್ಲಿ ಕೊಬ್ಬು ಕರಗಿದಾಗ, ‘ಕಣ್ಣು ಗುಳಿಬಿದ್ದಿದೆ’ ಎನ್ನುತ್ತೇವಲ್ಲ, ಅದು ಕಣ್ಣು ಕುಗ್ಗಿದ್ದಲ್ಲ, ಹಾಸಿಗೆ ಕುಗ್ಗಿದ್ದು.

ಕೊಬ್ಬಿನ ನಡುವೆ ಆರು ಸ್ನಾಯುಗಳು ಕಣ್ಣುಗುಡ್ಡೆಗೆ ಅಂಟಿಕೊಂಡಿವೆ. ನಾಲ್ಕು ನೆಟ್ಟಗಿನವು, ಗೂಡಿನ ಹಿಂದಿನ ತುದಿಯಿಂದ ಹೊರಟು ಕಣ್ಣನ್ನು ಮೇಲೆ, ಕೆಳಗೆ, ಒಳಗೆ, ಹೊರಗೆ ಎಳೆಯುತ್ತವೆ. ಎರಡು ಓರೆಯವು. ಅವುಗಳಲ್ಲಿ ಮೇಲಿನ ಓರೆಸ್ನಾಯುವಿನ ಏರ್ಪಾಡು ನನಗೆ ಬಹಳ ಹಿಡಿಸಿತು. ಅದು ಹಿಂದಿನಿಂದ ಹೊರಟು ಮೂಗಿನ ಬದಿಯ ಮೇಲ್ಮೂಲೆಗೆ ಬಂದು, ಅಲ್ಲಿ ಮೆಲ್ಲೆಲುಬಿನ ಒಂದು ಪುಟ್ಟ ಕುಣಿಕೆಯೊಳಗೆ ನುಸುಳಿ, ಹಿಂದಕ್ಕೆ ಹೊರಳಿ ಕಣ್ಣುಗುಡ್ಡೆಯ ನೆತ್ತಿಯನ್ನು ಹಿಡಿಯುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ದಿಕ್ಕು ಬದಲಿಸುವುದಿಲ್ಲವೆ, ಅದೇ ಉಪಾಯ. ಈ ಒಂದು ಸ್ನಾಯುವಿಗೆಂದೇ ಮಿದುಳಿನಿಂದ ಒಂದು ಪ್ರತ್ಯೇಕ ನರ ಬರುತ್ತದೆ; ಹೊರಕ್ಕೆ ಎಳೆಯುವ ಸ್ನಾಯುವಿಗೆ ಮತ್ತೊಂದು; ಉಳಿದ ನಾಲ್ಕಕ್ಕೂ ಕೂಡಿ ಒಂದು.

ಎಲ್ಲಕ್ಕಿಂತ ಹಿಂದೆ ಇರುವುದು ದೃಷ್ಟಿನರ. ಇದು ಸುಮಾರು 10ರಿಂದ 12 ಲಕ್ಷ ಎಳೆಗಳ ಒಂದು ಹುರಿ. ಗೂಡಿನ ತುದಿಯ ರಂಧ್ರದಿಂದ ಹೊರಬಿದ್ದು ಮಿದುಳನ್ನು ಸೇರುತ್ತದೆ. ಕಣ್ಣಪ್ಪನ ಬಾಣದ ಪ್ರಶ್ನೆಗೆ ಉತ್ತರ ಇಲ್ಲಿದೆ. ಸ್ನಾಯುಗಳನ್ನು ಕತ್ತರಿಸಿದರೆ ಮತ್ತೆ ಹೊಲಿಯಬಹುದು. ರಕ್ತನಾಳಗಳನ್ನು ಜೋಡಿಸುವ ಕೈಗಳೂ ಈಗ ಇವೆ. ಆದರೆ ಕಡಿದ ದೃಷ್ಟಿನರದ ಎಳೆಗಳು ಮನುಷ್ಯನಲ್ಲಿ ಮತ್ತೆ ಬೆಳೆದು ಮಿದುಳನ್ನು ಮುಟ್ಟುವುದಿಲ್ಲ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವೈದ್ಯರು ಒಬ್ಬ ರೋಗಿಗೆ ಮುಖದ ಭಾಗದೊಡನೆ ಇಡೀ ಕಣ್ಣನ್ನೇ ಕಸಿಮಾಡಿದರು. ಕಣ್ಣು ಬದುಕಿತು, ಅದರಲ್ಲಿ ರಕ್ತವೂ ಹರಿಯಿತು. ಆದರೆ ದೃಷ್ಟಿ ಬರಲಿಲ್ಲ. ಇಡೀ ಕಣ್ಣನ್ನು ಕೊಟ್ಟು ಕಾಣುವಂತೆ ಮಾಡುವುದು ಇಂದಿಗೂ ಕಾಳಹಸ್ತಿಯ ಶಿವನಿಗೆ ಮಾತ್ರ ಸಾಧ್ಯವಾದ ಕೆಲಸ.

ಈಗ ಕೈಗನ್ನಡಿ. ಕಣ್ಣಿನ ಬಿಳಿಗುಡ್ಡೆ ಒಂದು ಗಟ್ಟಿ ಚಿಪ್ಪು. ಮುಂದಿನಿಂದ ಹಿಂದಕ್ಕೆ ಇಡೀ ಗುಡ್ಡೆ ಸುಮಾರು 24 ಮಿಲಿಮೀಟರು. ನಡುವೆ ಕರಿಯಾಲಿ, ಅದರ ನಡುವೆ ಪಾಪೆ. ಕನ್ನಡಿಯಲ್ಲಿ ಕರಿಯಾಲಿಯನ್ನು ನೋಡುವಾಗ ನಾವು ಒಂದು ಗಾಜಿನ ಮೂಲಕ ನೋಡುತ್ತಿದ್ದೇವೆಂಬುದನ್ನು ಮರೆಯುತ್ತೇವೆ. ಆ ಗಾಜೇ ಕಾರ್ನಿಯ. ಅಂಗಿಯ ಗುಂಡಿಯಷ್ಟು ಅಗಲ, ನಡುವೆ ಅರ್ಧ ಮಿಲಿಮೀಟರಿನಷ್ಟು ದಪ್ಪ. ಮುಂದಿನಿಂದ ಕಾಣದು, ಗೆಳತಿಯೊಬ್ಬಳನ್ನು ಕಿಟಕಿಯ ಬಳಿ ನಿಲ್ಲಿಸಿ ಪಕ್ಕದಿಂದ ನೋಡಿದರೆ ಗಡಿಯಾರದ ಗಾಜಿನಂತೆ ಉಬ್ಬಿರುವುದು ಕಾಣುತ್ತದೆ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರನೆಯ ಎರಡು ಪಾಲು ಇದರದು. ಉಳಿದದ್ದು ಪಾಪೆಯ ಹಿಂದಿರುವ ಮಸೂರದ್ದು. ಅದರ ಹಿಂದೆ ತಿಳಿ ಲೋಳೆ, ಕೊನೆಯ ಗೋಡೆಯ ಮೇಲೆ ಅಕ್ಷಿಪಟಲ. ಅಕ್ಷಿಪಟಲದ ವಿಚಾರವನ್ನು ಬರೆಯಹೊರಟರೆ ಈ ಸಂಚಿಕೆ ಸಾಲದು.

ನಮ್ಮ ಹಳ್ಳಿಗಳಲ್ಲಿ ಕಣ್ಣು ಕೆಡುವುದಕ್ಕೆ ಎರಡು ಮಾತುಗಳಿವೆ: ‘ಪೊರೆ ಬಂದಿದೆ’, ‘ಹೂವು ಬಿದ್ದಿದೆ’. ಓದಿದವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಓದದವರು ಎಂದೂ ಬೆರೆಸುವುದಿಲ್ಲ. ಪೊರೆ ಬರುವುದು ಒಳಗಿನ ಮಸೂರಕ್ಕೆ; ಹೂವು ಬೀಳುವುದು ಮುಂದಿನ ಕಾರ್ನಿಯಕ್ಕೆ. ಪೊರೆಗೆ ಪರರ ಕಣ್ಣು ಬೇಡ. ಮಸುಕಾದ ಮಸೂರವನ್ನು ತೆಗೆದರಾಯಿತು. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಮಾಡಿದ್ದು ಈ ಕೆಲಸವನ್ನೇ. ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆ ಮಾಡಿದ ದಾಖಲೆ ಅವರದು. ಆ ಕಾಲದಲ್ಲಿ ಮಸೂರ ತೆಗೆದ ಜಾಗ ಬರಿದಾಗಿಯೇ ಉಳಿಯುತ್ತಿದ್ದುದರಿಂದ ಸೋಡಾಬುಡ್ಡಿ ಕನ್ನಡಕ ಬೇಕಾಗುತ್ತಿತ್ತು. ಈಗ ಅಲ್ಲಿ ಪ್ಲಾಸ್ಟಿಕ್ಕಿನ ಮಸೂರವನ್ನು ಇಡುತ್ತಾರೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಆರಂಭಿಸಿದ ವಿದ್ಯೆ ಅದು.

ಹೂವಿನ ಕಥೆ ಹಾಗಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ತೆನೆಯ ಹೊಟ್ಟು ಹಾರುತ್ತದೆ. ತೋಟದಲ್ಲಿ ಗರಿಯ ಮೊನೆ ತಾಗುತ್ತದೆ. ಕಾರ್ನಿಯದ ಮೇಲೆ ಕೂದಲೆಳೆಯಷ್ಟು ಗೀರು. ಅದರಲ್ಲಿ ಬೂಷ್ಟು ಬೇರೂರುತ್ತದೆ. ಗಿಡಮರಗಳಿಂದಾದ ಗಾಯಕ್ಕೆ ಬೂಷ್ಟಿನ ಭಯ ಹೆಚ್ಚು. ಮನೆಯಲ್ಲಿ ಸೊಪ್ಪಿನ ರಸ ಹಿಂಡುತ್ತಾರೆ, ಇಲ್ಲವೆ ಔಷಧದ ಅಂಗಡಿಯಲ್ಲಿ ಯಾವುದೋ ಒಂದು ಹನಿಮದ್ದು ಕೇಳಿ ತರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಕೆಂಪು ಇಳಿದು ಗುಣವಾದಂತೆ ತೋರುತ್ತದೆ. ಒಳಗೆ ಬೂಷ್ಟು ಹಬ್ಬುತ್ತದೆ. ಕೊನೆಗೆ ಹುಣ್ಣು ಮಾಯುವುದು ಬಿಳಿ ಕಲೆಯಾಗಿ. ಅದಕ್ಕೆ ಹೂವೆಂದು ಹೆಸರಿಟ್ಟವರು ಯಾರೋ, ಕಲೆಯ ಬಣ್ಣವನ್ನು ಮಾತ್ರ ನೋಡಿದರು. ನಮ್ಮ ಕೇರಿಯಲ್ಲಿ ಅಂಥ ಒಬ್ಬರಿದ್ದಾರೆ. ಒಂದು ಕಣ್ಣು ಹಾಗಾಗಿ ಇಪ್ಪತ್ತು ವರ್ಷವಾಯಿತು, ಮರ ಹತ್ತುವ ಕಸುಬನ್ನು ಅಂದೇ ಬಿಟ್ಟರು. ಎಷ್ಟು ಎತ್ತರ ಹತ್ತಿದೆನೆಂದು ಒಂದು ಕಣ್ಣು ಹೇಳುವುದಿಲ್ಲ.

ಕಾರ್ನಿಯ ಗಾಜಿನಂತೆ ತಿಳಿಯಾಗಿರುವುದಕ್ಕೆ ಕಾರಣಗಳಲ್ಲಿ ಒಂದು, ಅದರಲ್ಲಿ ರಕ್ತನಾಳಗಳೇ ಇಲ್ಲ. ಹಾಗಾದರೆ ಅದು ಉಸಿರಾಡುವುದು ಹೇಗೆ? ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ಅಳುವುದಕ್ಕಾಗಿ ಕಣ್ಣೀರು ಹುಟ್ಟಿತೆಂದು ಕವಿಗಳು ನಂಬಿಸಿದ್ದಾರೆ. ಅಳದಿರುವಾಗ ಅದು ಮಾಡುವ ಕೆಲಸವೇ ದೊಡ್ಡದು.

ಕಣ್ಣೀರಿನ ಗ್ರಂಥಿ ಇರುವುದು ಕಣ್ಣೀರು ಇಳಿಯುವ ಮೂಗಿನ ಬದಿಯಲ್ಲಲ್ಲ, ಅದಕ್ಕೆ ಎದುರು ಮೂಲೆಯಲ್ಲಿ. ಗೂಡಿನ ಚಾವಣಿಯ ಹೊರಬದಿಯಲ್ಲಿ, ಹುಬ್ಬಿನ ಕೊನೆಯ ಕೆಳಗೆ. ಬಾದಾಮಿ ಬೀಜದಷ್ಟು ದೊಡ್ಡದು. ರೆಪ್ಪೆಯ ಒಳಮೈಯಲ್ಲಿ ಇನ್ನೂ ಹಲವು ಕಿರುಗ್ರಂಥಿಗಳಿವೆ. ಇವು ಸುರಿಸುವ ನೀರು ನಿಮಿಷಕ್ಕೆ ಒಂದೆರಡು ಮೈಕ್ರೋಲೀಟರು. ಅಳದವನ ಇಡೀ ದಿನದ ಕಣ್ಣೀರನ್ನು ಕೂಡಿಸಿದರೂ ಚಹದ ಚಮಚ ತುಂಬದು. ಈ ನೀರಿಗೆ ಕೆಳಗಿನಿಂದ ಲೋಳೆ ಸೇರಿ ಅದನ್ನು ಕಣ್ಣಿಗೆ ಅಂಟಿಸುತ್ತದೆ. ಮೇಲಿನಿಂದ ಎಣ್ಣೆಯ ತೆಳುಪೊರೆ ಹರಡಿ ಅದು ಆರದಂತೆ ಕಾಯುತ್ತದೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಿಂದ. ಕೆಳರೆಪ್ಪೆಯನ್ನು ತುಸು ಎಳೆದು ಕನ್ನಡಿಯಲ್ಲಿ ನೋಡಿದರೆ ಎವೆಗಳ ಹಿಂದೆ ಸಾಲಾಗಿ ಸೂಜಿಮೊನೆಯಂಥ ಚುಕ್ಕಿಗಳು ಕಾಣುತ್ತವೆ. ಅವೇ ಎಣ್ಣೆಯ ಬಾಯಿಗಳು. ರೆಪ್ಪೆ ಬಡಿಯುವುದೆಂದರೆ ಈ ಮೂರನ್ನೂ ಹೊಸದಾಗಿ ಬಳಿಯುವುದು. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 15 ಸಲ ಬಡಿಯುತ್ತೇವೆ. ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ಮುಳುಗಿದಾಗ ಬಡಿಯುವುದನ್ನೇ ಮರೆಯುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಉರಿಯುವುದಕ್ಕೆ ವಿದ್ಯೆಯ ಭಾರವೇ ಕಾರಣವೆಂದು ತಿಳಿಯಬೇಕಾಗಿಲ್ಲ.

ಕಣ್ಣೀರಿನಲ್ಲಿ ರೋಗಾಣುಗಳನ್ನು ಕರಗಿಸುವ ವಸ್ತುವೂ ಇದೆ. ಮುಂದೆ ಪೆನಿಸಿಲಿನ್ನಿನಿಂದ ಲೋಕಪ್ರಸಿದ್ಧನಾದ ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿಯೇ ಲೈಸೊಜೈಮ್ ಎಂಬ ಈ ವಸ್ತುವನ್ನು ವರದಿ ಮಾಡಿದ್ದನು.

ಬಂದ ನೀರು ಹೋಗಬೇಕಲ್ಲ? ಮೂಗಿನ ಬದಿಯಲ್ಲಿ ಕೆಳರೆಪ್ಪೆಯ ಅಂಚನ್ನು ಹೊರಕ್ಕೆ ಮಗುಚಿ ನೋಡಿ. ಒಂದು ಪುಟ್ಟ ದಿಬ್ಬ, ಅದರ ಮೇಲೊಂದು ತೂತು. ಮೇಲಿನ ರೆಪ್ಪೆಯಲ್ಲಿಯೂ ಅಂಥದೇ ಒಂದು. ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟಿರುವ ಇವೇ ಕಣ್ಣಿನ ತೂಬುಗಳು. ಅಲ್ಲಿಂದ ಸಣ್ಣ ನಾಲೆಗಳು ಹೊರಟು, ಕಣ್ಣೀರಿನ ಮೂಳೆಯ ಗುಳಿಯಲ್ಲಿ ಕುಳಿತಿರುವ ಕಣ್ಣೀರಿನ ಚೀಲವನ್ನು ಸೇರುತ್ತವೆ. ಚೀಲದಿಂದ ಒಂದು ಕೊಳವೆ ಮೂಳೆಯೊಳಗೇ ಇಳಿದು ಮೂಗಿನಲ್ಲಿ ತೆರೆಯುತ್ತದೆ. ಕೆರೆಯ ನೀರಿನಂತೆ ಇದು ಇಳಿಜಾರನ್ನು ಮಾತ್ರ ನಂಬಿ ಹರಿಯುವುದಲ್ಲ. ರೆಪ್ಪೆ ಮುಚ್ಚಿದಾಗಲೆಲ್ಲ ಅದರ ಸ್ನಾಯು ಚೀಲವನ್ನು ಹಿಂಡಿ ಬಿಡುತ್ತದೆ. ಮಲಗಿದವನ ಕಣ್ಣೀರೂ ಮೂಗಿಗೇ ಹೋಗುವುದು ಇದರಿಂದ. ಮನುಷ್ಯನಲ್ಲಿ ಕೊಳವೆಯ ಕೊನೆ ಮೂಗಿನ ಒಳಗೆ ಮರೆಯಾಗಿದೆ. ಕುದುರೆಯಲ್ಲಿ ಅದು ಹೊಳ್ಳೆಯ ನೆಲದಲ್ಲಿಯೇ ಬಂದು ಬಾಯ್ದೆರೆಯುತ್ತದೆ. ಕುದುರೆಯ ಹೊಳ್ಳೆಯನ್ನು ತುಸು ಅಗಲಿಸಿದರೆ, ಕೊರೆದಿಟ್ಟಂಥ ಆ ತೂತು ಬರಿಗಣ್ಣಿಗೆ ಕಾಣುತ್ತದೆ. ಕುಣಿಗಲ್ಲಿನ ಗೆಳತಿಯರಿಗೆ ಇದನ್ನು ನೋಡುವ ಅನುಕೂಲ ನಮಗಿಂತ ಹೆಚ್ಚು.

ಈ ಒಂದು ಕೊಳವೆಯನ್ನು ತಿಳಿದರೆ ಎಷ್ಟೋ ಸಂಗತಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅತ್ತಾಗ ಮೂಗು ಸೋರುವುದೇಕೆ? ಅದರಲ್ಲಿ ಒಂದು ಪಾಲು ಮೂಗಿನ ನೀರಲ್ಲ, ಕಣ್ಣೀರೇ. ಕಣ್ಣಿಗೆ ಹಾಕಿದ ಮದ್ದು ಗಂಟಲಿನಲ್ಲಿ ಕಹಿಯಾಗುವುದೇಕೆ? ಅದೂ ಅದೇ ದಾರಿ ಹಿಡಿಯಿತು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕೆಂದು ವೈದ್ಯರು ಹೇಳುವುದು ತೂಬು ಕಟ್ಟುವುದಕ್ಕಾಗಿ. ಒಂದು ಹನಿಯೇ ಕಣ್ಣಿನಲ್ಲಿ ಹಿಡಿಸದು. ಎರಡು ಹನಿ ಹಾಕಿದರೆ ಎರಡನೆಯದು ಕೆನ್ನೆಯ ಪಾಲು. ಹಸುಗೂಸುಗಳಲ್ಲಿ ಕೆಲವಕ್ಕೆ ಕೊಳವೆಯ ಕೆಳಬಾಯಿಯ ಪೊರೆ ಇನ್ನೂ ಹರಿದಿರುವುದಿಲ್ಲ. ಕಣ್ಣು ಸದಾ ತೇವವಾಗಿ ಗೀಜು ಕಟ್ಟುತ್ತದೆ. ವೈದ್ಯರು ತೋರಿಸಿದಂತೆ ಮೂಲೆಯನ್ನು ನೀವುತ್ತಿದ್ದರೆ ಬಹುಪಾಲು ಒಂದು ವರ್ಷದೊಳಗೆ ತಾನಾಗಿಯೇ ಬಿಡುತ್ತದೆ. ದೊಡ್ಡವರಲ್ಲಿ ಕೊಳವೆ ಕಟ್ಟಿದರೆ ಚೀಲದಲ್ಲಿ ನೀರು ನಿಂತು ಕೀವಾಗುತ್ತದೆ, ಮೂಗಿನ ಪಕ್ಕ ಊದಿಕೊಳ್ಳುತ್ತದೆ. ಆಗ ಉಗುರಿನಷ್ಟು ತೆಳುವಾದ ಕಣ್ಣೀರಿನ ಮೂಳೆಯನ್ನೇ ಕೊರೆದು ಚೀಲಕ್ಕೂ ಮೂಗಿಗೂ ಹೊಸ ದಾರಿ ಮಾಡುತ್ತಾರೆ. 1904ರಲ್ಲಿ ಇಟಲಿಯ ಟೋಟಿ ಎಂಬ ವೈದ್ಯನು ವಿವರಿಸಿದ ಈ ಉಪಾಯ, ಹಲವು ಸುಧಾರಣೆಗಳೊಡನೆ, ಇಂದಿಗೂ ನಡೆಯುತ್ತಿದೆ. ಮುಂದಿನ ದಿನಗಳಲ್ಲಿ ಪೊರೆಯ ಶಸ್ತ್ರಕ್ರಿಯೆ ಆಗಬೇಕಾದವರಿಗೆ ಮೊದಲು ಚೀಲವನ್ನು ಪರೀಕ್ಷಿಸುವುದೂ ಈ ಕೀವಿನ ಭಯದಿಂದಲೇ.

ನಾಟಕದವರಿಗೂ ಈ ಗ್ರಂಥಿಗೂ ಹಳೆಯ ಸ್ನೇಹ. ಗ್ಲಿಸರಿನ್ ತಾಗಿದಾಗ, ಈರುಳ್ಳಿ ಹೆಚ್ಚುವಾಗ ಏಳುವ ಆವಿ ಬಡಿದಾಗ, ಕಾರ್ನಿಯದ ನರಗಳು ಮಿದುಳಿಗೆ ದೂರು ಒಯ್ಯುತ್ತವೆ. ಮತ್ತೊಂದು ನರದ ಮೂಲಕ ಗ್ರಂಥಿಗೆ ಅಪ್ಪಣೆ ಬರುತ್ತದೆ. ದುಃಖದ ಕಣ್ಣೀರಿಗೆ ದೂರು ಒಯ್ಯುವವರಿಲ್ಲ. ಅಪ್ಪಣೆ ನೇರ ಮಿದುಳಿನಿಂದಲೇ. ಹೊರಗೆ ಬರುವ ದಾರಿ ಮಾತ್ರ ಎರಡಕ್ಕೂ ಒಂದೇ.

ಇನ್ನು, ನಾನು ಇದನ್ನೆಲ್ಲ ಓದತೊಡಗಿದ ಕಾರಣವನ್ನು ಹೇಳಬೇಕು. ಹೋದ ವರ್ಷ ನಮ್ಮ ತಾತ ತೀರಿಕೊಂಡಾಗ ಊರಿನ ಇಬ್ಬರು ಯುವಕರು ಬಂದು ನೇತ್ರದಾನದ ಮಾತೆತ್ತಿದರು. ತಾತ ಒಪ್ಪುವವರೇ; ಅಪ್ಪನೂ ಅರೆಮನಸ್ಸು ಮಾಡಿದರು. ಅಜ್ಜಿ ಒಂದೇ ಮಾತು ಕೇಳಿದರು: “ಕಣ್ ಕಿತ್ಕೊಂಡ್ ಹೋದ್ರೆ ಆ ಗೂಡು ಹಂಗೇ ಬಾಯ್ ಬಿಟ್ಕೊಂಡಿರ್ತದಲ್ಲಪ್ಪ, ಅಂಥಾ ಮೊಕ ನೋಡಿ ನಾನ್ ಹೆಂಗ್ ಕಳಿಸ್ಲಿ?” ಬಂದ ಯುವಕರು ಪುಣ್ಯದ ಮಾತಾಡಿದರು, ದಾನದ ಮಹಿಮೆ ಹೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ. ಹಿರಿಯರು ಬೇಡವೆಂದರು, ಮಾತು ಅಲ್ಲಿಗೇ ನಿಂತಿತು. ಅಜ್ಜಿಯದು ಮೂಢನಂಬಿಕೆಯೆಂದು ನಮ್ಮ ಓದಿದ ನೆಂಟರೊಬ್ಬರು ಆಮೇಲೆ ಆಡಿಕೊಂಡರು. ನಾನು ಒಪ್ಪುವುದಿಲ್ಲ. ಅದು ಶುದ್ಧ ಅಂಗರಚನೆಯ ಪ್ರಶ್ನೆ. ಅದಕ್ಕೆ ಅಂಗರಚನೆಯಲ್ಲಿಯೇ ಉತ್ತರವಿದೆ.

ಮೇಲೆ ಹೇಳಿದ ಲೆಕ್ಕವನ್ನು ವಾಚಕರು ನೆನೆಯಬೇಕು: ಗೂಡು 30, ಗುಡ್ಡೆ 7. ಹಲವು ಕಡೆ ಈಗ ಇಡೀ ಗುಡ್ಡೆಯನ್ನು ತೆಗೆಯುವುದೇ ಇಲ್ಲ. ಕಾರ್ನಿಯವನ್ನು ಅದರ ಸುತ್ತಲಿನ ಬಿಳಿಯ ಕಿರಿದಾದ ಅಂಚಿನೊಡನೆ ಬಿಡಿಸಿಕೊಳ್ಳುತ್ತಾರೆ. ಗುಡ್ಡೆ, ಸ್ನಾಯು, ಕೊಬ್ಬು ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಇಡೀ ಗುಡ್ಡೆಯನ್ನು ತೆಗೆದರೂ ಗೂಡಿನ ಮುಕ್ಕಾಲು ಪಾಲು ಹಾಗೆಯೇ ತುಂಬಿರುತ್ತದೆ. ತೆಗೆದ ಜಾಗದಲ್ಲಿ ಹತ್ತಿಯಿಟ್ಟು, ಕಣ್ಣಿನ ಉಬ್ಬಿನ ಆಕಾರದ ಪ್ಲಾಸ್ಟಿಕ್ ಚಿಪ್ಪನ್ನು ಕೂರಿಸಿ ರೆಪ್ಪೆ ಮುಚ್ಚುತ್ತಾರೆ. ಕೆಲಸವೆಲ್ಲ 15–20 ನಿಮಿಷದ್ದು; ಮನೆಯಲ್ಲಿಯೇ ಆಗುತ್ತದೆ. ಮುಚ್ಚಿದ ರೆಪ್ಪೆ ಮೊದಲಿದ್ದಂತೆಯೇ ಉಬ್ಬಿ ನಿಲ್ಲುತ್ತದೆ. ಮುಖ ನೋಡಿ ಕಳಿಸಿಕೊಡಬಹುದು.

ಕಾರ್ನಿಯದ ಕಸಿ ಸಾಧ್ಯವಾದದ್ದು, ಇಡೀ ಕಣ್ಣಿನ ಕಸಿಗೆ ಅಡ್ಡಬಂದ ನರದ ತೊಡಕು ಇಲ್ಲಿಲ್ಲವಾದ್ದರಿಂದ. ಇದು ಕಿಟಕಿಯ ಗಾಜು, ತಂತಿಯನ್ನು ಜೋಡಿಸಬೇಕಾಗಿಲ್ಲ. ರಕ್ತನಾಳಗಳಿಲ್ಲದ ಕಾರಣ ಪಡೆದವನ ದೇಹ ಅದನ್ನು ಪರಕೀಯವೆಂದು ಒಡನೆ ಗುರುತಿಸುವುದೂ ಕಡಮೆ. ರಕ್ತದ ಗುಂಪು ಹೊಂದಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. 1905ರ ಡಿಸೆಂಬರ್ 7ರಂದು ಮೊರಾವಿಯದ ಓಲೋಮೋಟ್ಸ್ ಎಂಬ ಊರಿನಲ್ಲಿ ಎಡುವರ್ಡ್ ತ್ಸಿರ್ಮ್ ಎಂಬ ವೈದ್ಯನು ಸುಣ್ಣದಿಂದ ಕಣ್ಣು ಸುಟ್ಟಿದ್ದ ಕೂಲಿಯವನೊಬ್ಬನಿಗೆ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದನು.

ಕಣ್ಣಪ್ಪನ ಪಾತ್ರ ಮಾಡಿದ ರಾಜ್‌ಕುಮಾರರು 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರಭಂಡಾರವನ್ನು ಆರಂಭಿಸಿ, ತಮ್ಮ ಮತ್ತು ಮನೆಯವರ ಕಣ್ಣುಗಳನ್ನು ಬರೆದುಕೊಟ್ಟರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆದದ್ದು ಇನ್ನೂ ವಿಶೇಷ. ಕಾರ್ನಿಯ ಮೇಲುನೋಟಕ್ಕೆ ಒಂದೇ ಗಾಜಿನಂತಿದ್ದರೂ ಪದರಗಳಿಂದಾದದ್ದು. ತೀರ ಒಳಗಿನ ಪದರದ ಕೋಶಗಳು ಕಣ್ಣಿನೊಳಗಿನ ನೀರು ಕಾರ್ನಿಯಕ್ಕೆ ತುಂಬದಂತೆ ಸದಾ ಎತ್ತಿಹಾಕುತ್ತಿರುತ್ತವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಗಾಜು ನೀರು ಕುಡಿದು ಮಂಜಾಗುತ್ತದೆ. ಗೀರು, ಕಲೆ, ಉಬ್ಬುರೋಗಗಳು ಮುಂದಿನ ಪದರಗಳವು. ಪುನೀತರ ಎರಡು ಕಾರ್ನಿಯಗಳನ್ನು ವೈದ್ಯರು ಮುಂಪದರ, ಹಿಂಪದರ ಎಂದು ಸೀಳಿದರು. ಮುಂಪದರಗಳು ಇಬ್ಬರಿಗೆ, ಹಿಂಪದರಗಳು ಇನ್ನಿಬ್ಬರಿಗೆ. ಹೀಗೆ ಎರಡು ಕಣ್ಣು ನಾಲ್ವರಿಗಾಯಿತು.

ಕಾರ್ನಿಯ ಕಣ್ಣೀರನ್ನೂ ರೆಪ್ಪೆಯನ್ನೂ ನಂಬಿ ಬದುಕುವುದೆಂದು ಹೇಳಿದೆನಷ್ಟೆ. ಪ್ರಾಣ ಹೋದ ಮೇಲೆ ರೆಪ್ಪೆ ಬಡಿಯುವುದಿಲ್ಲ, ಗ್ರಂಥಿ ಸುರಿಸುವುದಿಲ್ಲ, ಗಾಜು ಒಣಗತೊಡಗುತ್ತದೆ. ಆರು ಗಂಟೆಗಳೊಳಗೆ ತೆಗೆಯಬೇಕೆಂಬ ನಿಯಮ ಬಂದದ್ದು ಆ ಗಾಜು ಕೆಡುವ ಮೊದಲೇ ಕೈಸೇರಲೆಂದು. ಆದ್ದರಿಂದ ನೇತ್ರಭಂಡಾರದವರು ಬರುವವರೆಗೆ ಮನೆಯವರು ಗ್ರಂಥಿಯ ಕೆಲಸವನ್ನು ತಾವು ಮಾಡಬೇಕು: ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆ ಹತ್ತಿ ಇಡುವುದು, ಫ್ಯಾನು ನಿಲ್ಲಿಸುವುದು, ಗೂಡಿಗೆ ರಕ್ತ ಇಳಿಯದಂತೆ ತಲೆಯ ಕೆಳಗೆ ದಿಂಬು ಕೊಡುವುದು. ಕನ್ನಡಕದವರು, ಸಕ್ಕರೆ ಕಾಯಿಲೆಯವರು, ಪೊರೆ ತೆಗೆಸಿಕೊಂಡ ಮುದುಕರು ಎಲ್ಲರೂ ಕೊಡಬಹುದು. ಹುಚ್ಚುನಾಯಿ ರೋಗ, ಎಚ್.ಐ.ವಿ., ರಕ್ತದಿಂದ ಹರಡುವ ಕಾಮಾಲೆ ಮೊದಲಾದವುಗಳಿದ್ದವರದನ್ನು ತೆಗೆದುಕೊಳ್ಳುವುದಿಲ್ಲ. ಬದುಕಿದ್ದಾಗ ಬರೆದುಕೊಡದವರ ಕಣ್ಣನ್ನೂ ಮನೆಯವರು ಒಪ್ಪಿದರೆ ಕೊಡಬಹುದು.